ಬಿಚ್ಚಿದ ಬಂಡಿ

ನಮ್ಮ ಪಡಸಾಲೆಯ ಗಾಜಿನ ಕಪಾಟಿನಲ್ಲಿ ಮೊದಲು ಇದ್ದದ್ದು ಆರು ಕಪ್ಪು-ಬಸಿ, ಮಗಳ ಮದುವೆಯಲ್ಲಿ ಬಂದ ಒಂದು ಗಣಪತಿ ಮತ್ತು ನಾನು ಬಿ.ಇಡಿ. ಓದುವಾಗ ಚರ್ಚಾಸ್ಪರ್ಧೆಯಲ್ಲಿ ಗೆದ್ದ ಒಂದು ಢಾಲು. ಈಗ ಅಲ್ಲಿ ಒಂದು ಟ್ರ್ಯಾಕ್ಟರು, ಒಂದು ಟಿಪ್ಪರು, ಒಂದು ಕ್ರೇನು ಸಾಲಾಗಿ ನಿಂತಿವೆ. ಕಪ್ಪು-ಬಸಿ ಅಡುಗೆಮನೆಗೆ ಹೋಗಿವೆ. ಗಣಪತಿ ಕ್ರೇನಿನ ಮಗ್ಗುಲಲ್ಲಿ ಸ್ವಲ್ಪ ಒತ್ತರಿಸಿಕೊಂಡು ಕುಳಿತಿದ್ದಾನೆ. ಆ ಸಾಲಿನ ಕೊನೆಗೆ ಒಂದು ಗೇಣು ಜಾಗ ಖಾಲಿ ಇದೆ. ಅಲ್ಲಿ ಒಂದು ಜೆಸಿಬಿ ಇತ್ತು. ಅದು ಈಗ ಅಲ್ಲಿ ಯಾಕೆ ಇಲ್ಲ ಎಂದು ಹೇಳಲಿಕ್ಕೇ ಇದನ್ನು ಬರೆಯಲು ಕುಳಿತಿದ್ದೇನೆ.

ಮನೆಗೆ ಬಂದವರು ಮೊದಲು ಕಪಾಟು ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ. "ಮೊಮ್ಮಗಂದೇನ್ರೀ?" ಎಂದು ಕೇಳುತ್ತಾರೆ. "ಅಲ್ರೀ, ನಂದೇ" ಎಂದರೆ ಸ್ವಲ್ಪ ಹೊತ್ತು ಮಾತು ನಿಂತುಹೋಗುತ್ತದೆ. ನಿವೃತ್ತಿಗೆ ನಾಲ್ಕೇ ವರ್ಷ ಉಳಿದ, ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವ ಹೆಣ್ಣುಮಗಳು ಸಂಜೆ ಕುಳಿತು ಪ್ಲಾಸ್ಟಿಕ್ಕಿನ ಗಾಡಿ ಕಟ್ಟುತ್ತಾಳೆಂದರೆ ನಂಬುವುದು ಕಷ್ಟವೇ. ಇದೇ ನಾನು ಕ್ರೋಶಾದ ತೋರಣ ಹೆಣೆದಿದ್ದರೆ, ವೈರಿನ ಬುಟ್ಟಿ ಹಾಕಿದ್ದರೆ, ಮಣಿಯಲ್ಲಿ ಗಿಳಿ ಪೋಣಿಸಿದ್ದರೆ "ಎಷ್ಟು ಛಂದ ಮಾಡೀರಿ" ಎನ್ನುತ್ತಿದ್ದರು. ಎಣಿಸಿ ಹಾಕುವುದು, ತಪ್ಪಿದರೆ ಬಿಚ್ಚುವುದು, ಕಣ್ಣು ನೋಯುವವರೆಗೆ ಕೂರುವುದು ಎಲ್ಲವೂ ಅಲ್ಲೂ ಅದೇ, ಇಲ್ಲೂ ಅದೇ. ಆದರೆ ಕೊನೆಗೆ ಗಾಲಿ ಬಂತೆಂದರೆ ಅದು ಗಂಡಸರ ಕೆಲಸವಾಗಿಬಿಡುತ್ತದೆ.

ಇದು ಶುರುವಾದದ್ದು ಒಂದು ಬೇಸಿಗೆಯಲ್ಲಿ. ಬೆಂಗಳೂರಿನ ಮಗಳು ರಜೆಗೆ ಶಹಾಪುರಕ್ಕೆ ಬರುವಾಗ ತನ್ನ ಮಗನಿಗಾಗಿ ಒಂದು ಡಬ್ಬಿ ತಂದಿದ್ದಳು. ಒಳಗೆ ನಾಲ್ಕು ನೂರರ ಹತ್ತಿರ ತುಣುಕುಗಳು, ಒಂದು ಚಿತ್ರದ ಪುಸ್ತಕ. ಪುಸ್ತಕದಲ್ಲಿ ಒಂದೇ ಒಂದು ಅಕ್ಷರವಿಲ್ಲ, ಬರೀ ಚಿತ್ರ. ಮೊಮ್ಮಗ ಟ್ರ್ಯಾಕ್ಟರಿನ ಮುಂದಿನ ಅರ್ಧ ಕಟ್ಟಿದ, ಬೇಜಾರಾಯಿತು, ಬಿಟ್ಟು ಬೆಂಗಳೂರಿಗೆ ಹೋದ. ಮೇ ತಿಂಗಳ ಮಧ್ಯಾಹ್ನ, ಕರೆಂಟಿಲ್ಲ, ನಿದ್ದೆ ಬರದಂಥ ಧಗೆ. ತುಣುಕುಗಳನ್ನು ಡಬ್ಬಿಗೆ ತುಂಬಿಡೋಣವೆಂದು ಕುಳಿತವಳು ಒಂದು ಗಾಲಿ ಸಿಕ್ಕಿಸಿ ನೋಡಿದೆ. ಟಕ್ ಎಂದು ಕುಳಿತಿತು. ಆ ಸದ್ದಿನಲ್ಲಿ ಏನೋ ಇತ್ತು. ಸಂಜೆ ಚಹಾಕ್ಕೆ ಎದ್ದಾಗ ಟ್ರ್ಯಾಕ್ಟರು ನಿಂತಿತ್ತು.

ಈ ತುಣುಕುಗಳನ್ನು ಕಾಣದವರಿಗೆ ಎರಡು ಮಾತು ಹೇಳಬೇಕು. ಲೆಗೋ ಎಂಬ ಹೆಸರನ್ನು ನೀವು ಕೇಳಿರಬಹುದು. ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಸಣ್ಣ ಊರಿನಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ ಎಂಬ ಬಡಿಗ ಇದ್ದ. ಕೆಲಸವಿಲ್ಲದ ಕಷ್ಟದ ದಿನಗಳಲ್ಲಿ, 1932ರಲ್ಲಿ, ಕಟ್ಟಿಗೆಯ ಆಟಿಕೆ ಮಾಡತೊಡಗಿದ. "ಚೆನ್ನಾಗಿ ಆಡು" ಎಂಬ ಅರ್ಥದ ಅವರ ಭಾಷೆಯ ಎರಡು ಮಾತು ಕೂಡಿಸಿ ಲೆಗೋ ಎಂದು ಹೆಸರಿಟ್ಟ. ಒಂದರ ಮೇಲೊಂದು ಕಚ್ಚಿ ಕೂರುವ ಈಗಿನ ಪ್ಲಾಸ್ಟಿಕ್ ಇಟ್ಟಿಗೆಗೆ ಪೇಟೆಂಟ್ ಕೇಳಿದ್ದು 1958ರಲ್ಲಿ. ಆ ವರ್ಷದ ಇಟ್ಟಿಗೆ ಈ ವರ್ಷದ ಇಟ್ಟಿಗೆಗೂ ಸರಿಯಾಗಿ ಕೂಡುತ್ತದೆ. ಎಂಟು ಗುಬ್ಬಿಯ ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದೆಂದು ಗಣಿತದವರು ಲೆಕ್ಕ ಹಾಕಿದ್ದಾರೆ: 91 ಕೋಟಿ 51 ಲಕ್ಷ 3 ಸಾವಿರದ 765. ಬರೀ ಆರು ಇಟ್ಟಿಗೆ!

ಇಟ್ಟಿಗೆಯಿಂದ ಮನೆಯಾಗುತ್ತದೆ, ಯಂತ್ರವಾಗುವುದಿಲ್ಲ. ಯಂತ್ರಕ್ಕೆ ಅಚ್ಚು ಬೇಕು, ಹಲ್ಲಿನ ಗಾಲಿ ಬೇಕು, ತೂತು ಬೇಕು, ತೂತಿಗೆ ಗೂಟ ಬೇಕು. ಅಂಥ ತುಣುಕುಗಳ ಬೇರೆಯೇ ಜಾತಿಯನ್ನು ಆ ಕಂಪನಿ 1977ರಲ್ಲಿ ತಂದಿತು. ಅದನ್ನೇ ಟೆಕ್ನಿಕ್ ಎನ್ನುತ್ತಾರೆ. ಇದಕ್ಕೂ ಮೊದಲು, 1901ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ಎಂಬ ಗುಮಾಸ್ತ ತನ್ನ ಮಕ್ಕಳಿಗಾಗಿ ತೂತು ಕೊರೆದ ತಗಡಿನ ಪಟ್ಟಿ, ನಟ್ಟು-ಬೋಲ್ಟುಗಳ ಆಟವನ್ನು ಕಂಡುಹಿಡಿದಿದ್ದ. ಅದೇ ಮುಂದೆ ಮೆಕ್ಯಾನೋ ಆಯಿತು. ನಮ್ಮಲ್ಲಿ ಮೆಕ್ಯಾನಿಕ್ಸ್ ಎಂಬ ಹೆಸರಿನ ಅಂಥದೇ ಡಬ್ಬಿ ಸಿಗುತ್ತಿತ್ತು. ನಿಮ್ಮ ಮನೆಯ ಗಂಡುಹುಡುಗರ ಹತ್ತಿರ ಇದ್ದಿರಬಹುದು. ಹುಡುಗಿಯರಿಗೆ ಯಾರು ಕೊಡಿಸಿದ್ದಾರು?

ಟ್ರ್ಯಾಕ್ಟರಿನ ನಂತರ ಟಿಪ್ಪರು ಬಂತು, ಕ್ರೇನು ಬಂತು. ಜೆಸಿಬಿಯನ್ನು ನಾನೇ ನನ್ನ ಸಂಬಳದಲ್ಲಿ ತರಿಸಿಕೊಂಡೆ. ಒಂದು ಒಳ್ಳೆಯ ಇಳಕಲ್ಲ ಸೀರೆಯ ದುಡ್ಡು. "ಸೀರಿ ತಗೊಂಡಿದ್ರ ಉಟ್ಟರೆ ಉಡತಿದ್ದಿ" ಎಂದರು ನಮ್ಮ ಮನೆಯವರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಎರಡು ಜೊತೆ ಬಟ್ಟೆಯಲ್ಲಿ ವರ್ಷ ಕಳೆಯುವ ಮಕ್ಕಳಿಗೆ ಪಾಠ ಹೇಳುವವಳು ಆಟಿಕೆಗೆ ಇಷ್ಟು ಸುರಿಯಬಹುದೇ ಎಂದು ನನ್ನನ್ನು ನಾನೇ ಕೇಳಿಕೊಂಡೆ. ಉತ್ತರ ಸಿಗುವ ಮೊದಲೇ ಡಬ್ಬಿ ಬಂದಿತ್ತು.

ಈ ಹವ್ಯಾಸದಲ್ಲಿ ನನ್ನದೇ ಆದ ಕೆಲವು ಅಭಿಪ್ರಾಯಗಳು ಬೆಳೆದಿವೆ. ನೋಡಲು ಅಸಲಿ ಕಾರಿನಂತೆ ಕಾಣುವ, ಮೈತುಂಬ ಸ್ಟಿಕರು ಅಂಟಿಸಿಕೊಂಡ ಮಾದರಿಗಳು ನನಗೆ ಸೇರುವುದಿಲ್ಲ. ಅವು ಮದುವೆ ಆಲ್ಬಮ್ಮಿನ ಫೋಟೋ ಇದ್ದಂತೆ. ಒಳಗಿನ ಹಲ್ಲು, ಅಚ್ಚು, ಗೂಟ ಕಣ್ಣಿಗೆ ಕಾಣಬೇಕು, ತಿರುವಿದರೆ ಒಂದು ಕೆಲಸ ನಡೆಯಬೇಕು. 8 ಹಲ್ಲಿನ ಪುಟ್ಟ ಗಾಲಿ 24 ಹಲ್ಲಿನ ಗಾಲಿಯನ್ನು ತಿರುಗಿಸುವಾಗ ತಾನು ಮೂರು ಸುತ್ತು ಬಂದರೆ ಅದು ಒಂದು ಸುತ್ತು ಬರುತ್ತದೆ. ವೇಗ ಕಳೆದುಕೊಂಡು ಬಲ ಪಡೆಯುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಇದು ಯಂತ್ರದ ಮಾತೋ ಸಂಸಾರದ ಮಾತೋ ಎಂದು ಒಮ್ಮೊಮ್ಮೆ ಅನುಮಾನವಾಗುತ್ತದೆ.

ಟ್ರ್ಯಾಕ್ಟರಿನ ಹಿಂದಿನ ಎರಡು ಗಾಲಿಗಳ ನಡುವೆ ಡಿಫರೆನ್ಷಿಯಲ್ ಎಂಬ ಗಂಟು ಇರುತ್ತದೆ. ಅದು ಯಾಕೆ ಬೇಕೆಂದು ನನಗೆ ಯಾರೂ ಹೇಳಿಕೊಡಲಿಲ್ಲ, ನಮ್ಮ ಕಣ ನೆನಪಾಗಿ ತಿಳಿಯಿತು. ಹಂತಿ ಹೊಡೆಯುವಾಗ ಮೇಟಿಗೆ ಹತ್ತಿರದ ಎತ್ತು ಸಣ್ಣ ಸುತ್ತು ತಿರುಗುತ್ತದೆ. ಹೊರಗಿನ ಎತ್ತು ಅದೇ ಹೊತ್ತಿನಲ್ಲಿ ದೊಡ್ಡ ಸುತ್ತು ತಿರುಗಬೇಕು. ಎರಡನ್ನೂ ಒಂದೇ ಹೆಜ್ಜೆಗೆ ಬಿಗಿದರೆ ಒಂದು ಎಡವುತ್ತದೆ. ಗಾಡಿ ತಿರುವಿನಲ್ಲಿ ಹೊರಳುವಾಗ ಹೊರಗಿನ ಗಾಲಿಗೂ ಅದೇ ಪಾಡು. ಎರಡಕ್ಕೂ ಒಂದೇ ಎಂಜಿನ್ನಿನ ಬಲ ಮುಟ್ಟಬೇಕು, ಆದರೆ ಎರಡೂ ತಮ್ಮ ತಮ್ಮ ಹೆಜ್ಜೆ ಹಾಕಬೇಕು. ಆ ಗಂಟು ಮಾಡುವುದು ಇಷ್ಟೇ. ನಮ್ಮ ಎತ್ತಿನ ಬಂಡಿಗೆ ಇದರ ಹಂಗಿಲ್ಲ. ಅಲ್ಲಿ ಅಚ್ಚು ತಿರುಗುವುದೇ ಇಲ್ಲ, ಗಾಲಿ ಮಾತ್ರ ತನ್ನಷ್ಟಕ್ಕೆ ತಾನು ತಿರುಗುತ್ತದೆ, ಕಡಾಣಿ ಅದನ್ನು ಹೊರಗೆ ಬೀಳದಂತೆ ಹಿಡಿದಿರುತ್ತದೆ.

ಬಂಡಿಯ ಮಾತು ಬಂದಾಗ ಬಾಲ್ಯ ನೆನಪಾಗದೆ ಇರದು. ಶಹಾಪುರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನಲ್ಲಿ ಎತ್ತು ಮಾಡುತ್ತಿದ್ದೆವು. ಬಂಡಿ ಮಾಡುವ ಕಾಲ ಬೇರೆ. ಹಿಂಗಾರಿ ಜೋಳ ಕಿತ್ತ ಮೇಲೆ ದಂಟು ಒಣಗಿ ಬಿದ್ದಿರುತ್ತಿತ್ತು. ಅಣ್ಣ ದಂಟಿನ ಸಿಪ್ಪೆಯನ್ನು ಹಲ್ಲಿನಿಂದ ಸೀಳಿ ತೆಗೆಯುತ್ತಿದ್ದ. ಒಳಗೆ ಹಗುರಾದ ಬೆಂಡು. ಗಟ್ಟಿಯಾದ ಸಿಪ್ಪೆಯ ಸೀಳನ್ನು ಬೆಂಡಿಗೆ ಚುಚ್ಚಿದರೆ ಅಲ್ಲೇ ಕಚ್ಚಿ ನಿಲ್ಲುತ್ತಿತ್ತು. ಅಂಟಿಲ್ಲ, ಮೊಳೆಯಿಲ್ಲ. ನೊಗ, ಮೂಕಿ, ಚೌಕಟ್ಟು ಎಲ್ಲ ಹೀಗೆಯೇ. ಗಾಲಿಗೆ ಹರಿದ ಹವಾಯಿ ಚಪ್ಪಲಿಯ ರಬ್ಬರು. ಡೆನ್ಮಾರ್ಕಿನವರು 1977ರಲ್ಲಿ ಮಾರಿದ ಗೂಟ ಮತ್ತು ತೂತಿನ ಉಪಾಯ ನಮ್ಮ ಹೊಲದಲ್ಲಿ ಯಾವ ಕಾಲದಿಂದಲೋ ಪುಕ್ಕಟೆ ಬಿದ್ದಿತ್ತು.

ನಾನೂ ಒಂದು ದಂಟು ತೆಗೆದುಕೊಂಡು ಸೀಳತೊಡಗಿದಾಗ ಅಣ್ಣ ಅದನ್ನು ಕಸಿದುಕೊಂಡ. "ನೀ ಎತ್ತಿಗಿ ಗೊಂಡೆ ಮಾಡು, ಬಂಡಿ ನಾ ಮಾಡತೀನಿ" ಎಂದ. ನಾನು ಹಳೆಯ ಸೀರೆಯ ದಾರದಲ್ಲಿ ಗೊಂಡೆ ಮಾಡಿದೆ. ಚೆನ್ನಾಗಿಯೇ ಮಾಡಿದೆ. ಆದರೆ ಬೆಂಡಿಗೆ ಸೀಳು ಹೋಗುವಾಗ ಬೆರಳಿಗೆ ಏನನಿಸುತ್ತದೆ ಎಂಬುದು ನನಗೆ ಗೊತ್ತಾಗಲೇ ಇಲ್ಲ.

ಅದೇ ದಿನಗಳಲ್ಲಿ ನಮ್ಮ ಸೀಮೆಯಲ್ಲಿ ಕಾಲುವೆ ತೋಡುತ್ತಿದ್ದರು. ನಾರಾಯಣಪುರದಲ್ಲಿ ಕೃಷ್ಣೆಗೆ ಕಟ್ಟಿದ ಅಣೆಕಟ್ಟು 1982ರಲ್ಲಿ ಮುಗಿಯಿತು. ಎಡದಂಡೆ ಕಾಲುವೆಗಾಗಿ ಸುರಪುರ, ಶಹಾಪುರದ ಕಡೆ ಹಳದಿ ಯಂತ್ರಗಳು ಎರೆಭೂಮಿಯನ್ನು ಬಗೆಯುತ್ತಿದ್ದವು. ಭೀಮರಾಯನಗುಡಿಯ ಕ್ಯಾಂಪಿನ ಕಡೆಯಿಂದ ಟಿಪ್ಪರುಗಳು ಧೂಳೆಬ್ಬಿಸಿಕೊಂಡು ಬರುವುದನ್ನು ನೋಡಲು ನಾವು ದಿಬ್ಬದ ಮೇಲೆ ನಿಲ್ಲುತ್ತಿದ್ದೆವು. ಒಂದು ಯಂತ್ರ ಮಂಡಿಯೂರಿ, ಕೈ ಚಾಚಿ, ಅಂಗೈ ಮಡಚಿ ಮಣ್ಣು ಎತ್ತುವುದನ್ನು ಮೊದಲ ಸಲ ಕಂಡಾಗ ನನಗೆ ಅದು ಜೀವವಿರುವ ಪ್ರಾಣಿಯೆಂದೇ ಅನಿಸಿತ್ತು. ಅದರ ಒಳಗೆ ಏನಿದೆ ಎಂದು ಯಾರನ್ನು ಕೇಳುವುದು? ಹೆಣ್ಣುಹುಡುಗಿ ದಿಬ್ಬದ ಮೇಲೆ ಬಹಳ ಹೊತ್ತು ನಿಲ್ಲುವುದೇ ತಪ್ಪಾಗಿತ್ತು. ಐವತ್ತು ದಾಟಿದ ಮೇಲೆ ಸೀರೆಯ ದುಡ್ಡಿನಲ್ಲಿ ಜೆಸಿಬಿ ತರಿಸಿಕೊಂಡಿದ್ದು ಯಾಕೆಂದು ಈಗ ನಿಮಗೆ ಹೊಳೆದಿರಬೇಕು.

ಅದನ್ನು ಕಟ್ಟಲು ಒಂಬತ್ತು ಸಂಜೆ ಹಿಡಿಯಿತು. ಕೈಯಲ್ಲಿ ಒಂದು ತಿರುಗುಣಿ, ಪಕ್ಕದಲ್ಲಿ ಒಂದು ಸಣ್ಣ ಹಿಡಿಕೆ. ಹಿಡಿಕೆ ಈ ಕಡೆ ಸರಿಸಿ ತಿರುಗುಣಿ ತಿರುವಿದರೆ ತೋಳು ಮೇಲೇಳುತ್ತದೆ, ಆ ಕಡೆ ಸರಿಸಿ ತಿರುವಿದರೆ ಬಕೆಟ್ಟು ಮಡಚಿಕೊಳ್ಳುತ್ತದೆ. ರಜೆಗೆ ಬಂದ ಮೊಮ್ಮಗನಿಗೆ ಹೆಮ್ಮೆಯಿಂದ ತೋರಿಸಿದೆ. ಅವನು ಅದನ್ನು ನೋಡಿ, "ಅಜ್ಜಿ, ಬುಕ್ ನೋಡ್ಕೊಂಡು ಮಾಡಿದ್ದು ನೀನು ಮಾಡಿದ್ದು ಹೇಗಾಗುತ್ತೆ? ಅವರು ಮಾಡಿದ್ದು, ನೀನು ಜೋಡಿಸಿದ್ದು ಅಷ್ಟೇ" ಎಂದ.

ನಾನು ಮೇಷ್ಟರಗಿತ್ತಿ, ಸುಮ್ಮನೆ ಬಿಟ್ಟೇನೆಯೇ? ನಿಮ್ಮಮ್ಮ ಹೋಳಿಗೆ ಕಲಿತದ್ದು ನನ್ನ ನೋಡಿ, ಆ ಹೋಳಿಗೆ ಅವಳದಲ್ಲವೇ ಎಂದೆ. ಚುಕ್ಕಿ ಇಟ್ಟು ರಂಗೋಲಿ ಹಾಕುವವಳು ಪುಸ್ತಕ ನೋಡಿಯೇ ಹಾಕುತ್ತಾಳೆ, ಅಂಗಳ ಅವಳದಲ್ಲವೇ ಎಂದೆ. ಇನ್ನೊಬ್ಬರ ದಾರಿಯಲ್ಲಿ ಹೆಜ್ಜೆ ತಪ್ಪದಂತೆ ನಡೆಯುವುದಕ್ಕೂ ಒಂದು ವಿನಯ ಬೇಕು, ಎಲ್ಲವನ್ನೂ ನಾನೇ ಹೊಸದಾಗಿ ಮಾಡುತ್ತೇನೆ ಎನ್ನುವುದು ಅಹಂಕಾರ ಎಂದೂ ಹೇಳಿದೆ. ಹುಡುಗ ಸುಮ್ಮನಾದ. ನಾನು ಗೆದ್ದೆ ಎಂದುಕೊಂಡೆ. ಚರ್ಚಾಸ್ಪರ್ಧೆಯ ಢಾಲು ಗೆದ್ದವಳಲ್ಲವೇ! ಆ ಗೆಲುವು ಎಷ್ಟು ಪೊಳ್ಳೆಂದು ತೋರಿಸಿದವಳು ನಮ್ಮ ಶಾಲೆಯ ಎಂಟನೇ ತರಗತಿಯ ಒಬ್ಬ ಹುಡುಗಿ.

ನಾನು ಕೆಲಸ ಮಾಡುವ ಶಾಲೆ ಸುರಪುರದ ದಾರಿಯ ಒಂದು ಹಳ್ಳಿಯಲ್ಲಿದೆ. ಕೈಗಾರಿಕೆಯ ಪಾಠ ಬಂದಾಗ ಮಕ್ಕಳಿಗೆ ತೋರಿಸೋಣವೆಂದು ಒಂದು ದಿನ ಜೆಸಿಬಿಯನ್ನು ಟವೆಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಒಯ್ದೆ. ಮೇಜಿನ ಮೇಲಿಟ್ಟು, "ದೂರಿಂದ ನೋಡ್ರಿ, ಯಾರೂ ಕೈ ಹಚ್ಚಬ್ಯಾಡ್ರಿ" ಎಂದೆ. ಹುಡುಗರು ಜೆಸಿಬಿ, ಜೆಸಿಬಿ ಎಂದು ಕೂಗಿದರು. ಆ ಹುಡುಗಿ ಕೂಗಲಿಲ್ಲ. ಮುಂದೆ ಬಂದು, ಬಗ್ಗಿ, ತೋಳಿನ ಕೆಳಗೆ ಕಣ್ಣಿಟ್ಟು ನೋಡಿದಳು.

"ಟೀಚರ್, ಇದರಾಗ ಎಣ್ಣಿ ಪೈಪ್ ಎಲ್ಲದ?"

"ಎಣ್ಣಿ ಪೈಪ್ ಯಾಕ?"

"ಖರೇ ಜೆಸಿಬಿ ಎಣ್ಣಿ ಮ್ಯಾಲೇ ಎತ್ತತದ್ರೀ. ಪೈಪ್ ಒಡದ್ರ ಕೈ ಕೆಳಗ ಬೀಳತದ. ಬೆಂಗಳೂರಾಗ ನಮ್ಮ ಶೆಡ್ಡಿನ ಮುಂದ ದಿನಾ ನೋಡತಿದ್ದೆ."

ಅವಳ ಅಪ್ಪ-ಅವ್ವ ವರ್ಷಕ್ಕೆ ಆರು ತಿಂಗಳು ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗುವವರು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಕಥೆ ಇದು. ಆ ಹುಡುಗಿ ಅಡಿಪಾಯ ತೋಡುವ ಯಂತ್ರಗಳ ಎದುರಿಗೇ ತಮ್ಮನನ್ನು ಎತ್ತಿಕೊಂಡು ಬೆಳೆದಿದ್ದಳು. ನಾನು, "ಇದು ಆಟದ್ದು, ಇದಕ್ಕ ಎಣ್ಣಿ ಬೇಕಾಗಿಲ್ಲ, ತಿರುಪಿನ ಮ್ಯಾಲ ನಡೀತದ" ಎಂದು ಹೇಳಿ ತಿರುವಿ ತೋರಿಸಿದೆ. ತೋಳು ಎದ್ದಿತು. ಹಿಡಿಕೆ ಸರಿಸಿ ತಿರುವಿದೆ. ಬಕೆಟ್ಟು ಮಡಚಿತು. ಅವಳ ಹುಬ್ಬು ಗಂಟಾಯಿತು.

"ತಿರುವೋದು ಒಂದೇ ಅದ. ಕೆಲಸ ಎರಡು ಹ್ಯಾಂಗ ಮಾಡತದ ಟೀಚರ್? ಬಿಚ್ಚಿ ತೋರಸ್ತೀರೇನು?"

"ಈಗ ಪಾಠದ ಹೊತ್ತು. ಮುಂದಿನ ವಾರ ತೋರಸ್ತೀನಿ" ಎಂದೆ.

ಮುಂದಿನ ವಾರ ಅವಳು ಕೇಳಿದಳು. ಪರೀಕ್ಷೆ ಇದೆ ಎಂದೆ. ಅದರ ಮುಂದಿನ ವಾರ ಹತ್ತಿ ಬಿಡಿಸಲು ಹೋಗಿ ನಾಲ್ಕು ದಿನ ಶಾಲೆಗೆ ಬರಲಿಲ್ಲ. ಬಂದ ದಿನ ಮತ್ತೆ ಕೇಳಿದಳು. ಕೈಬೆರಳುಗಳ ತುದಿಯಲ್ಲಿ ಹತ್ತಿಕಾಯಿಯ ಗೀರುಗಳಿದ್ದವು. "ಒಂಬತ್ತು ದಿನ ಕೂತು ಕಟ್ಟೀನಿ ಯವ್ವಾ, ಬಿಚ್ಚಿದರ ಒಂದು ತುಣುಕು ಹೋತಂದ್ರ ಮುಗೀತು. ದೀಪಾವಳಿ ಆಗಲಿ" ಎಂದೆ. ಆಯ್ತ್ರೀ ಎಂದು ಹೋದಳು.

ದೀಪಾವಳಿ ಮುಗಿಸಿ ಶಾಲೆ ತೆರೆದಾಗ ಅವಳ ಜಾಗ ಖಾಲಿಯಿತ್ತು. "ಬೆಂಗಳೂರಿಗಿ ಹೋದ್ರು ಟೀಚರ್, ಮನಿ ಕೀಲಿ ಹಾಕ್ಯಾರ" ಎಂದರು ಗೆಳತಿಯರು. ಯಾದಗಿರಿಯಿಂದ ರೈಲು ಹತ್ತಿದ್ದರಂತೆ. ನಮ್ಮ ಯಾದಗಿರಿಯ ಕಡೇಚೂರಿನ ಬಳಿ ರೈಲ್ವೆಯ ಬೋಗಿ ಕಾರ್ಖಾನೆ ಬಂದಿದೆ. ನಾವು ಡಬ್ಬಿಗೇ ಬೋಗಿ ಎನ್ನುತ್ತೇವೆ. ಬೋಗಿ ಎಂದರೆ ಅಸಲಿಗೆ ಡಬ್ಬಿಯ ಕೆಳಗಿನ, ಗಾಲಿಗಳನ್ನು ಹಿಡಿಯುವ ಚೌಕಟ್ಟು. ಹವ್ಯಾಸಕ್ಕೆ ಬಿದ್ದ ಮೇಲೆ ಕಲಿತ ಇಂಥ ಜಾಣತನಗಳು ನನ್ನಲ್ಲಿ ಬೇಕಾದಷ್ಟಿವೆ. ಅವನ್ನೆಲ್ಲ ಕೇಳಬೇಕಾದವಳು ಜನರಲ್ ಡಬ್ಬಿಯಲ್ಲಿ ಗಂಟುಮೂಟೆಗಳ ನಡುವೆ ಕುಳಿತು ಹೋಗಿಯಾಗಿತ್ತು.

ಆ ರಾತ್ರಿ ನಾನು ಜೆಸಿಬಿಯನ್ನು ಕಪಾಟಿನಿಂದ ತೆಗೆದು ಬಿಚ್ಚಿದೆ. ಬಿಚ್ಚುವುದು ಕಟ್ಟಿದಷ್ಟು ಸುಲಭವಲ್ಲ. ಪುಸ್ತಕದಲ್ಲಿ ಬಿಚ್ಚುವುದಕ್ಕೆ ಚಿತ್ರವಿಲ್ಲ. ಯಾವ ಗೂಟವನ್ನು ಮೊದಲು ಎಳೆದರೆ ಯಾವುದು ಸಡಿಲಾಗುತ್ತದೆಂದು ನಾವೇ ತಿಳಿಯಬೇಕು. ಮೇಲಿನ ಹಲಗೆ ತೆಗೆದು, ಪಕ್ಕದ ಪಟ್ಟಿ ತೆಗೆದು ಒಳಗೆ ನೋಡಿದಾಗ ಅದು ಕಂಡಿತು. ಒಂದು ಅಚ್ಚಿನ ಮೇಲೆ ಎರಡು ಹಲ್ಲಿನ ಗಾಲಿ. ಎರಡೂ ಅಚ್ಚಿನ ಹಂಗಿಲ್ಲದೆ ಸಡಿಲವಾಗಿ ನಿಂತಿವೆ. ನಡುವೆ ಒಂದು ಪುಟ್ಟ ಬಳೆ. ಅದು ಮಾತ್ರ ಅಚ್ಚಿನ ಜೊತೆ ತಿರುಗುತ್ತದೆ. ಹಿಡಿಕೆ ಸರಿಸಿದರೆ ಬಳೆ ಎಡಕ್ಕೆ ಜಾರಿ ಎಡದ ಗಾಲಿಯನ್ನು ಕಚ್ಚುತ್ತದೆ, ಆಗ ತೋಳಿಗೆ ಬಲ ಹೋಗುತ್ತದೆ. ಬಲಕ್ಕೆ ಜಾರಿದರೆ ಬಕೆಟ್ಟಿಗೆ. ನಮ್ಮ ಬಸ್ಸಿನ ಚಾಲಕ ಗೇರು ಬದಲಿಸುವಾಗ ಡಬ್ಬಿಯೊಳಗೆ ನಡೆಯುವುದೂ ಹೆಚ್ಚು ಕಡಿಮೆ ಇದೇ. ಒಂದು ತಿರುವು ಎರಡು ಕೆಲಸ ಮಾಡುವ ಗುಟ್ಟು ಒಂದು ಬಳೆಯಷ್ಟೇ ಆಗಿತ್ತು.

ಆ ಬಳೆಯನ್ನು ಅಲ್ಲಿ ಇಟ್ಟವಳು ನಾನೇ. ನನ್ನ ಕೈಯಾರೆ ಇಟ್ಟಿದ್ದೆ. ಚಿತ್ರದಲ್ಲಿ ಇತ್ತು, ಇಟ್ಟೆ, ಪುಟ ತಿರುವಿದೆ. ಅದು ಯಾಕೆ ಅಲ್ಲಿದೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಈಗ ಓದುಗರ ಮುಂದೆ ಒಂದು ಮಾತು ಒಪ್ಪಿಕೊಳ್ಳಬೇಕು. ತುಣುಕು ಕಳೆದೀತೆಂದು ನಾನು ಆ ಹುಡುಗಿಗೆ ಹೇಳಿದ್ದು ಪೂರ್ತಿ ನಿಜವಲ್ಲ. ಬಿಚ್ಚಿದ ಮೇಲೆ ಅವಳು "ಹ್ಯಾಂಗ?" ಎಂದರೆ ನನಗೆ ಉತ್ತರ ಬರುವುದಿಲ್ಲವೆಂದು ಒಳಗೊಳಗೇ ಗೊತ್ತಿತ್ತು. ಎಂಟನೇ ತರಗತಿಯ ಹುಡುಗಿಯ ಮುಂದೆ, ಕೂಲಿಯವರ ಮಗಳ ಮುಂದೆ, "ನನಗ ಗೊತ್ತಿಲ್ಲವ್ವಾ, ಇಬ್ಬರೂ ಕೂಡಿ ನೋಡೋಣ ಬಾ" ಎನ್ನಲು ಬಾಯಿ ಬರಲಿಲ್ಲ. ಮೂವತ್ತು ವರ್ಷ ಪಾಠ ಹೇಳಿದವಳಿಗೆ ಒಂಬತ್ತು ಸಂಜೆಗಳ ದುಡಿಮೆ ಹಾಳಾಗುವ ಭಯಕ್ಕಿಂತ ಈ ಭಯ ದೊಡ್ಡದಿತ್ತು.

ಅಣ್ಣ ನನ್ನ ಕೈಯಿಂದ ದಂಟು ಕಸಿದುಕೊಂಡಾಗ ಅವನಿಗೆ ಹತ್ತು ವರ್ಷ. ನನಗೆ ಐವತ್ತಾರು.

ನಾನು ಇತಿಹಾಸದ ಪಾಠದಲ್ಲಿ ಬುದ್ಧನ ವಿಷಯ ಬಂದಾಗ ಮಕ್ಕಳಿಗೆ ತಪ್ಪದೆ ಹೇಳುವ ಒಂದು ಕಥೆಯಿದೆ. ನಮ್ಮ ಸೀಮೆ ಬೌದ್ಧರ ಸೀಮೆಯೂ ಹೌದು. ಭೀಮೆಯ ದಂಡೆಯ ಸನ್ನತಿ, ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಅಗೆದಾಗ ಹೊರಬಂದ ಸ್ತೂಪದ ಕಲ್ಲುಗಳಲ್ಲಿ ಅಶೋಕನ ಹೆಸರು ಕೆತ್ತಿದ ಅವನ ಶಿಲ್ಪವೂ ಸಿಕ್ಕಿದೆ. ಕಥೆ ಪಾಲಿ ಭಾಷೆಯ ಮಿಲಿಂದಪನ್ಹ ಎಂಬ ಗ್ರಂಥದ್ದು. ಗ್ರೀಕ್ ದೊರೆ ಮಿಲಿಂದ ರಥವೇರಿ ನಾಗಸೇನನೆಂಬ ಭಿಕ್ಷುವನ್ನು ಕಾಣಲು ಬರುತ್ತಾನೆ. ನಾಗಸೇನ ಕೇಳುತ್ತಾನೆ: ದೊರೆಯೇ, ನೀನು ಬಂದ ರಥ ಯಾವುದು? ಅಚ್ಚು ರಥವೇ? ಗಾಲಿ ರಥವೇ? ನೊಗ ರಥವೇ? ಯಾವುದೂ ಅಲ್ಲ. ಎಲ್ಲವನ್ನೂ ಬಿಟ್ಟು ಬೇರೆ ರಥವಿದೆಯೇ? ಅದೂ ಇಲ್ಲ. ಹಾಗಾದರೆ ಇವೆಲ್ಲ ಒಂದು ರೀತಿಯಲ್ಲಿ ಕೂಡಿದಾಗ ನಾವು ಇಟ್ಟ ಹೆಸರಷ್ಟೇ ರಥ. ಮನುಷ್ಯನ 'ನಾನು' ಎಂಬುದೂ ಹಾಗೆಯೇ.

ಶಹಾಪುರಕ್ಕೆ ಬಂದವರು ನಮ್ಮ ಮಲಗಿದ ಬುದ್ಧನ ಬೆಟ್ಟ ನೋಡಿರುತ್ತೀರಿ. ರಸ್ತೆಯ ಒಂದು ಕಡೆ ನಿಂತು ನೋಡಿದರೆ ಗುಡ್ಡಗಳ ಸಾಲು ಹಣೆ, ಮೂಗು, ಎದೆ, ಪಾದವಾಗಿ ಬುದ್ಧ ಅಂಗಾತ ಮಲಗಿದಂತೆ ಕಾಣುತ್ತದೆ. ಬಸ್ಸು ನಾಲ್ಕು ಹೆಜ್ಜೆ ಮುಂದೆ ಹೋಯಿತೆಂದರೆ ಬುದ್ಧನಿಲ್ಲ, ಬರೀ ಬಂಡೆ. ಆ ಕಥೆಯನ್ನು ನಾನು ಮಕ್ಕಳಿಗೆ ಎಷ್ಟೋ ವರ್ಷ ಹೇಳಿದ್ದೇನೆ, ಆ ಬೆಟ್ಟವನ್ನು ದಿನವೂ ನೋಡುತ್ತೇನೆ. ಆದರೂ ಜೆಸಿಬಿ ಎಂಬ ಹೆಸರಿಗೆ ಅಂಟಿಕೊಂಡು ಕುಳಿತೆ. ಅದನ್ನು ಬಿಚ್ಚಿದರೆ ನಾಶವಾಗುತ್ತದೆಂದು ಹೆದರಿದೆ. ನಾಗಸೇನನ ಮಾತು ನನಗೆ ಅರ್ಥವಾದದ್ದು ಮೇಜಿನ ಮೇಲೆ ತುಣುಕುಗಳು ಹರಡಿ ಬಿದ್ದ ಆ ರಾತ್ರಿಯೇ. ಜೆಸಿಬಿ ಇರಲಿಲ್ಲ. ಆದರೆ ಏನೂ ಕಳೆದೂ ಇರಲಿಲ್ಲ. ಮೊದಲಿಗಿಂತ ಒಂದು ಹೆಚ್ಚಾಗಿತ್ತು. ಬಳೆ ಯಾಕಿದೆ ಎಂದು ಈಗ ನನಗೆ ತಿಳಿದಿತ್ತು.

ಮೊಮ್ಮಗನ ಪ್ರಶ್ನೆಗೆ ಈಗ ನನ್ನ ಉತ್ತರ ಬೇರೆ. ಪುಸ್ತಕ ನೋಡಿ ಕಟ್ಟಿದ್ದು ನನ್ನದೇ? ಕಟ್ಟಿದಾಗ ಅಲ್ಲ. ಬಿಚ್ಚಿದಾಗ ಸ್ವಲ್ಪ ನನ್ನದಾಗುತ್ತದೆ. ಅದೇ ತುಣುಕುಗಳಿಂದ ಪುಸ್ತಕವಿಲ್ಲದೆ ಇನ್ನೊಂದನ್ನು ಕಟ್ಟಿದಾಗ ಇನ್ನಷ್ಟು. ಬೇರೆಯವರ ಕೈಗೆ ಕೊಟ್ಟು, 'ನೀನೂ ಬಿಚ್ಚು' ಎಂದಾಗ ಪೂರ್ತಿ. ನಮ್ಮ ಅವ್ವ ಕೌದಿ ಹೊಲಿಯುತ್ತಿದ್ದಳು. ಮದುವೆಯ ಸೀರೆ, ಬಾಣಂತನದ ಸೀರೆ ಎಂದು ಟ್ರಂಕಿನಲ್ಲಿ ಮಡಚಿಟ್ಟವು ನುಸಿ ತಿಂದು ಹೋದವು. ಅವಳು ಗಟ್ಟಿ ಮನಸ್ಸು ಮಾಡಿ ಹರಿದು ತುಂಡು ಮಾಡಿದ ಸೀರೆಗಳು ಮಾತ್ರ ಕೌದಿಯಾಗಿ ಮೂರು ತಲೆಮಾರಿನ ಕೂಸುಗಳನ್ನು ಬೆಚ್ಚಗಿಟ್ಟವು. ಇದನ್ನು ಹೆಂಗಸರಾದ ನಾವು ಯಾರಿಂದ ಕಲಿಯಬೇಕಾಗಿತ್ತು? ಮನೆಯಲ್ಲೇ ಹೊದ್ದು ಮಲಗಿದ್ದೆವು.

ಎಲ್ಲವನ್ನೂ ಬಿಚ್ಚಿಬಿಡಬೇಕು ಎಂದು ನಾನು ಹೇಳುತ್ತಿಲ್ಲ. ಕಪಾಟಿನಲ್ಲಿ ಮೂರು ಗಾಡಿ ಇನ್ನೂ ಇವೆ, ನನ್ನ ಮೋಹ ಅಷ್ಟು ಸುಲಭವಾಗಿ ಹೋಗುವುದಲ್ಲ. ಆದರೆ ಒಂದು ವಸ್ತುವನ್ನು ಕಾಪಾಡುವ ನೆಪದಲ್ಲಿ ನಾವು ಏನನ್ನು ಮುಚ್ಚಿಡುತ್ತಿದ್ದೇವೆ ಎಂದು ಒಮ್ಮೆ ಕೇಳಿಕೊಳ್ಳಬೇಕು. ಪಾಠ ಹೇಳುವವರಂತೂ ದಿನಕ್ಕೊಮ್ಮೆ ಕೇಳಿಕೊಳ್ಳಬೇಕು. ಬಿ.ಇಡಿ.ಯಲ್ಲಿ ನಮಗೆ ಪಾಠಯೋಜನೆ ಬರೆಯಲು ಕಲಿಸಿದರು. ಉದ್ದೇಶ, ಪೀಠಿಕೆ, ವಿಷಯ, ಮೌಲ್ಯಮಾಪನ. ಅದೂ ಚಿತ್ರದ ಪುಸ್ತಕದಂಥದೇ. ಎಷ್ಟು ವರ್ಷ ನಾನು ಬಳೆಯನ್ನು ಅದರ ಜಾಗದಲ್ಲಿ ಇಟ್ಟು ಪುಟ ತಿರುವಿದ್ದೇನೋ!

ಜೆಸಿಬಿಯ ತುಣುಕುಗಳು ಈಗ ಬಿಸ್ಕತ್ತಿನ ಒಂದು ದೊಡ್ಡ ಡಬ್ಬಿಯಲ್ಲಿ ನಮ್ಮ ತರಗತಿಯ ಕಪಾಟಿನಲ್ಲಿವೆ. ಕಪಾಟಿಗೆ ಬೀಗ ಹಾಕುವುದಿಲ್ಲ. ಊಟದ ಬಿಡುವಿನಲ್ಲಿ ಯಾರು ಬೇಕಾದರೂ ತೆಗೆಯಬಹುದು. ಏಳೆಂಟು ತುಣುಕು ಈಗಾಗಲೇ ಕಾಣೆಯಾಗಿವೆ. ಮೊದಲ ದಿನ ಎದೆ ಧಸಕ್ಕೆಂದಿತು, ಈಗ ರೂಢಿಯಾಗಿದೆ. ಒಂದು ಗೂಟ ಕಳೆದಾಗ ಒಬ್ಬ ಹುಡುಗ ತೊಗರಿ ಕಟ್ಟಿಗೆ ಕೆತ್ತಿ ಅಲ್ಲಿಗೆ ಹೊಂದಿಸಿದ. ಇಬ್ಬರು ಹುಡುಗಿಯರು ಕೂಡಿ ಒಂದು ಬಂಡಿ ಮಾಡಿದ್ದಾರೆ. ಮುಂದಕ್ಕೆ ಎಳೆದರೆ ಅದರ ಮೇಲಿನ ಹೆಡಿಗೆ ತಾನೇ ತಿರುಗುತ್ತದೆ. ಯಾಕೆ ತಿರುಗುತ್ತದೆ ಎಂದು ಕೇಳಿದೆ. "ಗೊತ್ತಿಲ್ರೀ ಟೀಚರ್, ನೀವೇ ಹೇಳ್ರಿ" ಎಂದರು. "ನನಗೂ ಗೊತ್ತಿಲ್ಲ, ಬಿಚ್ಚಿ ನೋಡೋಣ" ಎಂದೆ. ಹೇಳಿದ ಮೇಲೆ ಹಗುರಾಯಿತು. ಅಷ್ಟು ಕಷ್ಟದ ಮಾತೇನೂ ಆಗಿರಲಿಲ್ಲ.

ಆ ಹುಡುಗಿ ಇನ್ನೂ ಬಂದಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿದೆ, ಮುಂದೆ ಗೈರುಹಾಜರಿಯ ಗುರುತುಗಳ ಸಾಲಿದೆ. ಬೆಂಗಳೂರಿನಲ್ಲಿ ನನ್ನ ಮಗಳ ಮನೆಗೆ ಹೋದಾಗ, ಎದುರಿನ ಬಯಲಿನಲ್ಲಿ ನೀಲಿ ತಗಡಿನ ಶೆಡ್ಡುಗಳನ್ನೂ ಅಡಿಪಾಯ ತೋಡುವ ಯಂತ್ರವನ್ನೂ ನೋಡುತ್ತ ಬಾಲ್ಕನಿಯಲ್ಲಿ ಬಹಳ ಹೊತ್ತು ನಿಲ್ಲುತ್ತೇನೆ. ಊರಿಗೊಂದು ಬಯಲು, ಬಯಲಿಗೊಂದು ಯಂತ್ರ, ಅವಳು ಯಾವ ಶೆಡ್ಡಿನಲ್ಲಿದ್ದಾಳೋ. ಮುಂಗಾರು ಹಿಡಿದಾಗ ನಮ್ಮ ಕಡೆಯವರು ಬಿತ್ತನೆಗೆ ಊರಿಗೆ ಮರಳುವುದುಂಟು. ಮಣ್ಣೆತ್ತಿನ ಅಮಾವಾಸ್ಯೆಯೂ ಆಗಲೇ ಬರುತ್ತದೆ. ಅವಳು ಬಂದರೆ ಡಬ್ಬಿ ಅವಳ ಮುಂದಿಟ್ಟು, ಆ ಪುಟ್ಟ ಬಳೆಯನ್ನು ಮಾತ್ರ ಅಂಗೈ ಮೇಲಿಟ್ಟು ಕೊಡಬೇಕೆಂದಿದ್ದೇನೆ. ಅದು ಕಳೆಯದಂತೆ ನನ್ನ ವ್ಯಾನಿಟಿ ಬ್ಯಾಗಿನಲ್ಲಿಯೇ ಇಟ್ಟುಕೊಂಡಿದ್ದೇನೆ. ಅದೊಂದನ್ನು ಮಾತ್ರ.